ಪ್ರಗತಿ ಪತ್ರದಲ್ಲಿ ಗಣಿತ ‘ಬಿ ಪ್ಲಸ್’: ಇದರಿಂದ ಮಗುವಿನ ಕಲಿಕೆಗೆ ಸಿಕ್ಕಿದ್ದೇನು?

ಸುಮಾ_ಹಾಸನ

ರಾಜ್ಯ ಪಠ್ಯಕ್ರಮ, ಆರನೇ ತರಗತಿ. ಗಣಿತ ಬಿ ಪ್ಲಸ್, ಕನ್ನಡ ಎ, ವಿಜ್ಞಾನ ಎ. ಇಷ್ಟನ್ನು ನೋಡಿ ಪೋಷಕರು ಏನು ಮಾಡಬೇಕು? ಟ್ಯೂಷನ್‌ಗೆ ಹಾಕಬೇಕಾ, ಸುಮ್ಮನಿರಬೇಕಾ? ಗ್ರೇಡ್ ಇದ್ದರೇನೇ ಮಕ್ಕಳು ಓದೋದು ಅಂತ ಒಂದು ಪಕ್ಷ, ಗ್ರೇಡೇ ಕಲಿಕೆಗೆ ಶತ್ರು ಅಂತ ಇನ್ನೊಂದು ಪಕ್ಷ. ಭಾಷಣ ಬೇಡ, ಶಾಲೆಯ ಒಳಲೆಕ್ಕ ಗೊತ್ತಿರುವವರು ಬಿಡಿಸಿ ಹೇಳಿ.

ಲೆಕ್ಕದ_ಮೇಷ್ಟ್ರು

ಸುಮಾ ಮೇಡಂ, ಮೊದಲು ಬಿ ಪ್ಲಸ್ ಎಲ್ಲಿಂದ ಬಂತು ಅಂತ ನೋಡೋಣ. ನಮ್ಮ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಪದ್ಧತಿಯಲ್ಲಿ 90ರಿಂದ 100 ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕೂ ಕೆಳಗಿದ್ದರೆ ಸಿ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನಕ್ಕೆ (ಪಾಠದ ನಡುನಡುವೆ ನಡೆಯುವ ಚಟುವಟಿಕೆ, ಕಿರುಪರೀಕ್ಷೆ) ತಲಾ ಶೇ. 15, ಎರಡು ಸಂಕಲನಾತ್ಮಕಕ್ಕೆ (ಅರ್ಧವರ್ಷದ ಕೊನೆಯ ಪರೀಕ್ಷೆ) ತಲಾ ಶೇ. 20. ಎಲ್ಲ ಸೇರಿ 100.

ಈ ಪಟ್ಟಿಗಳ ಅಗಲ ಗಮನಿಸಿ. 70 ಇದ್ದ ಮಗು ವರ್ಷವಿಡೀ ಕಷ್ಟಪಟ್ಟು 88ಕ್ಕೆ ಬಂದರೂ ಕಾರ್ಡಿನಲ್ಲಿ ಅದೇ ಎ. 69 ಇದ್ದದ್ದು 70 ಆದರೆ ಮಾತ್ರ ಮನೆಯಲ್ಲಿ ಹಬ್ಬ. 20 ಅಂಕದ ಕಿರುಪರೀಕ್ಷೆಯಲ್ಲಿ 2 ಅಂಕದ ಒಂದು ಪ್ರಶ್ನೆ ಅಂದರೆ ಶೇ. 10. ಒಂದು ಪ್ರಶ್ನೆಯಲ್ಲಿ ಕೈತಪ್ಪಿದರೆ ಆ ಪರೀಕ್ಷೆಯ ಗ್ರೇಡೇ ಬೇರೆ. ಹಾಗಾಗಿ ಎ ಮತ್ತು ಬಿ ಪ್ಲಸ್ ನಡುವೆ ಒಂದು ಹೆಜ್ಜೆ ಆಚೀಚೆ ಆಗಿದ್ದಕ್ಕೆ ಟ್ಯೂಷನ್ ಹುಡುಕೋದು ಅನವಶ್ಯಕ. ಎರಡು ಹೆಜ್ಜೆ ಇಳಿದರೆ, ಅಥವಾ ಎರಡು ಸಂಕಲನಾತ್ಮಕದಲ್ಲೂ ಅದೇ ವಿಷಯ ಕೆಳಗಿದ್ದರೆ ನೋಡಬೇಕು.

ಆದರೆ ‘ನೋಡಬೇಕು’ ಅಂದರೆ ಏನನ್ನು? ಗ್ರೇಡನ್ನಲ್ಲ, ಉತ್ತರಪತ್ರಿಕೆಯನ್ನು. ಒಂದೇ ಲೆಕ್ಕ ಸಾಕು: 402 − 178.

ಒಂದು ಮಗು 376 ಅಂತ ಬರೆದಿದೆ. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಕಳೆಯಬೇಕು ಅನ್ನೋದೇ ಅದರ ಮನಸ್ಸಿಗೆ ಇಳಿದಿಲ್ಲ. ಇನ್ನೊಂದು ಮಗು 324 ಅಂತ ಬರೆದಿದೆ. ಇದಕ್ಕೆ ದಶಕ ತೆಗೆದುಕೊಳ್ಳೋದು ಗೊತ್ತು. ಆದರೆ ನಡುವಿನ ಸೊನ್ನೆಯನ್ನು ತಾನಾಗೇ 9 ಮಾಡಿಕೊಂಡು, ನೂರರಿಂದ ಒಂದು ಕಡಿಮೆ ಮಾಡೋದನ್ನು ಬಿಟ್ಟಿದೆ. ಮೂರನೇ ಮಗುವಿನದು 234. ಸರಿ ಉತ್ತರ 224. ಹಂತಗಳೆಲ್ಲ ಸರಿ, ಕೊನೆಯಲ್ಲಿ 9ರಿಂದ 7 ಕಳೆಯುವಾಗ ಎಡವಿದೆ.

ಮೂವರಿಗೂ ಸೊನ್ನೆ ಅಂಕ. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ. ಮೊದಲನೆಯದನ್ನು ಮತ್ತೆ ಹತ್ತು ಕಡ್ಡಿಯ ಕಟ್ಟಿಗೆ ಕರೆದುಕೊಂಡು ಹೋಗಿ 42 − 17ರಿಂದ ಶುರು ಮಾಡಬೇಕು. ಎರಡನೆಯದಕ್ಕೆ ನೂರರ ಒಂದು ಕಟ್ಟು ಬಿಚ್ಚಿ ಹತ್ತು ದಶಕ ಮಾಡಿಸಿ, ಅದರಲ್ಲೊಂದು ದಶಕ ಬಿಚ್ಚಿ ಬಿಡಿಗೆ ಕೊಡಿಸಿದರೆ ಎರಡು ದಿನದ ಕೆಲಸ. ಮೂರನೆಯದಕ್ಕೆ ‘234ಕ್ಕೆ 178 ಕೂಡಿಸಿ ನೋಡು, 402 ಬರುತ್ತಾ?’ ಅನ್ನೋ ತಾಳೆ ನೋಡುವ ಅಭ್ಯಾಸ ಒಂದೇ ಸಾಕು. ಬಿ ಪ್ಲಸ್ ಅನ್ನೋ ಅಕ್ಷರ ಈ ಮೂವರನ್ನೂ ಒಂದೇ ಬೆಂಚಿಗೆ ಕೂರಿಸುತ್ತೆ.

ಮಲಪ್ರಭಾ_ದಂಡಿ

ಮೇಷ್ಟ್ರ, ನೀವು ಹೇಳಿದ್ದು ಖರೇ ಐತಿ, ಆದ್ರ ಇನ್ನೊಂದು ಮಗ್ಗಲಾನೂ ನೋಡ್ರಿ. ಗ್ರೇಡ್ ತಗದ್ರ ಏನ್ ಆಗತೈತಿ? ಆ 376 ಬರದ ಹುಡುಗನ್ನ ಯಾರೂ ತಿರುಗಿ ನೋಡೂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ‘ಎಂಟನೇತ್ತಾ ತನಕಾ ಯಾರನ್ನೂ ಹಿಂದ ಇಡಬ್ಯಾಡ್ರಿ’ ಅಂತು, ಜೋಡೀನ ‘ನಿರಂತರ ಮೌಲ್ಯಮಾಪನ ಮಾಡ್ರಿ’ ಅಂತೂ ಅಂತು. ಭಾಳ ಕಡೆ ಮೊದಲನೇದ್ದು ಜಾರಿ ಆತು, ಎರಡನೇದ್ದು ಕಾಗದದ ಮ್ಯಾಲ ಉಳೀತು. ಒಂಬತ್ತನೇತ್ತಾಕ್ಕ ಬಂದ ಹುಡುಗಗ ಭಾಗಾಕಾರ ಬರೂದಿಲ್ಲ ಅಂದ್ರ ತಪ್ಪು ಗ್ರೇಡಿಂದಲ್ಲ. ಸಿ ಅಂತ ಕಂಡ ಮ್ಯಾಲೂ ಪರಿಹಾರ ಬೋಧನೆ ಆಗಲಿಲ್ಲ, ಅದರದ್ದು ತಪ್ಪು.

ಹಿಂಗಾಗಿ ಗ್ರೇಡ್ ಅನ್ನೂದು ಮಗೂಗಲ್ಲ, ವ್ಯವಸ್ಥಾಕ್ಕ. ಮುಖ್ಯೋಪಾಧ್ಯಾಯರಿಗೆ, ಸಿಆರ್‌ಪಿಗೆ (ಸುತ್ತಲಿನ ಸಾಲಿಗೋಳ ಸಂಪನ್ಮೂಲ ವ್ಯಕ್ತಿ), ಎಸ್‌ಡಿಎಂಸಿಗೆ (ಸಾಲಿ ಮೇಲುಸ್ತುವಾರಿ ಸಮಿತಿ). ಒಂದು ಶಾಲ್ಯಾಗ ಏಳನೇತ್ತಾ ಗಣಿತದಾಗ 40ರಾಗ 22 ಮಂದಿಗೆ ಬಿ ಮತ್ತ ಸಿ ಬಂದಾವಂದ್ರ ಅಲ್ಲೊಂದು ಪ್ರಶ್ನೆ ಹುಟ್ಟತೈತಿ. ಗ್ರೇಡ ಇಲ್ಲಂದ್ರ ಆ ಪ್ರಶ್ನೆ ಕೇಳೂದಕ್ಕ ಆಧಾರ ಏನು?

ಲೆಕ್ಕದ_ಮೇಷ್ಟ್ರು

ಒಪ್ಪಿದೆ. ನನ್ನ ತಕರಾರು ಅದನ್ನು ಮಗುವಿಗೆ ಫೀಡ್‌ಬ್ಯಾಕ್ ಅಂತ ಮಾರೋದರ ಬಗ್ಗೆ. ಮತ್ತೆ ಇದಕ್ಕೆ ನಮ್ಮಲ್ಲೇ ಹಳೇ ಸಲಕರಣೆ ಇದೆ, ಸೇತುಬಂಧ. ವರ್ಷದ ಆರಂಭದಲ್ಲಿ ಪೂರ್ವಪರೀಕ್ಷೆ, ಹಿಂದಿನ ತರಗತಿಯ ಸಾಮರ್ಥ್ಯಗಳಲ್ಲಿ ಯಾವುದು ಬಂದಿಲ್ಲ ಅಂತ ಪಟ್ಟಿ, ಕೆಲವು ವಾರ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಪೂರ್ವಪರೀಕ್ಷೆಯ ಪ್ರತಿ ಪ್ರಶ್ನೆಗೂ ಒಂದು ಸಾಮರ್ಥ್ಯ ಅಂಟಿರಬೇಕು ಅನ್ನೋದೇ ಅದರ ಜೀವ. ಕೆಡೋದು ಎಲ್ಲಿ ಅಂದರೆ, ಆ ಪಟ್ಟಿಯ ಬದಲು ‘ಒಟ್ಟು 40ಕ್ಕೆ 17’ ಅಂತ ಬರೆದು ಫೈಲ್ ಮುಚ್ಚಿದಾಗ. ಆಮೇಲೆ ಸಾಫಲ್ಯದಲ್ಲಿ 26 ಅಂತ ಬರೆದರೆ ವರದಿ ಚೆನ್ನಾಗಿ ಕಾಣುತ್ತೆ, ಯಾವ ಸಾಮರ್ಥ್ಯ ಬಂತು ಅಂತ ಯಾರಿಗೂ ಗೊತ್ತಿಲ್ಲ.

ಓದುಗ_ಮಿತ್ರ

ಈ ವಿಷಯದಲ್ಲಿ ನಡೆದ ಅಧ್ಯಯನಗಳ ಬಗ್ಗೆ ನಾಲ್ಕು ಮಾತು. ಎಲ್ಲರೂ ಎತ್ತುವ ಹೆಸರು ರೂತ್ ಬಟ್ಲರ್, ಇಸ್ರೇಲ್, 1988. ಐದು ಮತ್ತು ಆರನೇ ತರಗತಿಯ 132 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಬರೀ ಟಿಪ್ಪಣಿ ಸಿಕ್ಕ ಗುಂಪಿನ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕ ಗುಂಪು ಹೆಚ್ಚುಕಡಿಮೆ ಬರೀ ಅಂಕ ಸಿಕ್ಕವರ ಹಾಗೇ ಉಳಿಯಿತು. ಅಂದರೆ ಅಂಕದ ಪಕ್ಕ ಟಿಪ್ಪಣಿ ಬರೆದರೆ ಮಗು ಓದೋದು ಅಂಕವನ್ನೇ.

ಇದನ್ನೇ ಹಿಡಿದುಕೊಂಡು ಗ್ರೇಡ್ ರದ್ದು ಮಾಡಿ ಅನ್ನುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕೊಟ್ಟ ಕೆಲಸ ಪಠ್ಯದ ಪಾಠ ಅಲ್ಲ, ಪದ ಕಟ್ಟುವ, ಹೊಸದಾಗಿ ಯೋಚಿಸುವಂಥ ಚಟುವಟಿಕೆ. ಅವಧಿಯೂ ಕೆಲವೇ ದಿನ. ಮೇಲಿನ ಸಾಲಿನ ಮಕ್ಕಳ ಆಸಕ್ತಿ ಅಂಕ ಸಿಕ್ಕಿದಾಗಲೂ ಕುಸಿಯಲಿಲ್ಲ. ಬಿದ್ದದ್ದು ಕೆಳಗಿನ ಸಾಲಿನವರದು.

ಎರಡನೆಯದು ಕ್ಲೂಗರ್ ಮತ್ತು ಡಿನಿಸಿ, 1996. ಫೀಡ್‌ಬ್ಯಾಕ್ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟು ಮಾಡಿದರು. ಸರಾಸರಿಯಲ್ಲಿ ಲಾಭ ಇತ್ತು, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್‌ನಿಂದಲೇ ಕೆಲಸ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ‘ನಾನು ಎಂಥವನು’ ಅನ್ನೋದರ ಮೇಲೆ ಹೋದಷ್ಟೂ ಪರಿಣಾಮ ಕೆಡುತ್ತೆ ಅನ್ನೋದು ಅವರ ವಿವರಣೆ. ಹಾಗಾಗಿ ಟಿಪ್ಪಣಿ ಅಂದ ಮಾತ್ರಕ್ಕೆ ಒಳ್ಳೆಯದೇನಲ್ಲ. ‘ಜಾಣ’, ‘ಇನ್ನೂ ಗಮನ ಕೊಡಬೇಕು’, ‘ಅಕ್ಷರ ದುಂಡಗಿರಲಿ’ ಇವೂ ಗ್ರೇಡೇ, ಅಕ್ಷರ ಜಾಸ್ತಿ ಅಷ್ಟೆ.

ಮೂರನೆಯದು ಸ್ವೀಡನ್. 1969ರಿಂದ 1982ರವರೆಗೆ ಅಲ್ಲಿ ಕಿರಿಯ ತರಗತಿಗಳಲ್ಲಿ ಗ್ರೇಡ್ ಕೊಡಬೇಕೋ ಬೇಡವೋ ಅನ್ನೋದು ಸ್ಥಳೀಯ ಆಡಳಿತಕ್ಕೆ ಬಿಟ್ಟಿದ್ದು. ಹಾಗಾಗಿ ಗ್ರೇಡ್ ಪಡೆದವರು, ಪಡೆಯದವರು ಎರಡೂ ಗುಂಪು ಸಿಕ್ಕಿತು. ಕಲಿಕೆಯಲ್ಲಿ ಹಿಂದಿದ್ದ ಮಕ್ಕಳಲ್ಲಿ, ಚಿಕ್ಕಂದಿನಲ್ಲೇ ಗ್ರೇಡ್ ಪಡೆದವರು ಮುಂದಿನ ತರಗತಿಗಳಲ್ಲಿ ಇನ್ನೂ ಹಿಂದೆ ಬಿದ್ದರು. ನನ್ನ ಅಭಿಪ್ರಾಯ: ಐದನೇ ತರಗತಿವರೆಗೆ ಮಗುವಿನ ಕೈಗೆ ಗ್ರೇಡ್ ಕೊಡುವುದರಲ್ಲಿ ಲಾಭಕ್ಕಿಂತ ನಷ್ಟ ಜಾಸ್ತಿ. ಹೈಸ್ಕೂಲಿನ ಮಾತು ಬೇರೆ, ಅಲ್ಲಿ ಮುಂದಿನ ಬಾಗಿಲು ತೆರೆಯೋದೇ ಅಂಕದಿಂದ.

ಪಡುವಣ_ಕಡಲು

ಟಿಪ್ಪಣಿ ಬರೆಯಿರಿ ಅಂತ ಹೇಳುವುದು ಸುಲಭ ಮಾರಾಯ್ರೆ. 45 ಮಕ್ಕಳ ನಾಲ್ಕು ಸೆಕ್ಷನ್ ಅಂದರೆ 180 ಪುಸ್ತಕ. ಒಂದಕ್ಕೆ ಎರಡೇ ನಿಮಿಷ ಅಂತಿಟ್ಟರೂ 360 ನಿಮಿಷ, ಆರು ಗಂಟೆ. ಅದರ ಮೇಲೆ ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಅಂಕ ತುಂಬಿಸುವುದು ಬೇರೆ ಉಂಟು. ಗಣಿತದಲ್ಲಿ ತಪ್ಪಿನ ಬಗೆ ಎಣಿಸಬಹುದು, ಕನ್ನಡ ಪ್ರಬಂಧದಲ್ಲಿ ಎಲ್ಲಿಂದ ಶುರು ಮಾಡುವುದು?

ಅಕ್ಷರ_ಅಕ್ಕ

ಎಲ್ಲವನ್ನೂ ತಿದ್ದಲಿಕ್ಕೆ ಹೊರಟರೆ ಆಗುವುದೇ ಇಲ್ಲ. ಭಾಷೆಯಲ್ಲಿ ನಡೆಯುವ ಒಂದು ಕ್ರಮ ಹೇಳುತ್ತೇನೆ.

ಅಂಚಿನಲ್ಲಿ ಒಂದಕ್ಷರದ ಗುರುತು ಇಟ್ಟುಕೊಳ್ಳಿ. ‘ಒ’ ಅಂದರೆ ಒತ್ತಕ್ಷರ (ಉತ್ತರ ಬದಲು ಉತರ). ‘ಮ’ ಅಂದರೆ ಅಲ್ಪಪ್ರಾಣ, ಮಹಾಪ್ರಾಣದ ತಪ್ಪು: ಅಬ್ಯಾಸ, ವಿಧ್ಯಾರ್ಥಿ. ‘ಕ್ರಿ’ ಅಂದರೆ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ಇಲ್ಲ: ಮಕ್ಕಳು ಆಡಿತು. ‘ಚಿ’ ಅಂದರೆ ಲೇಖನ ಚಿಹ್ನೆ. ನಾಲ್ಕೇ ಸಾಕು, ಎಂಟು ಮಾಡಿದರೆ ಮಕ್ಕಳು ಮರೆಯುತ್ತಾರೆ, ಮೇಷ್ಟ್ರೂ ಮರೆಯುತ್ತಾರೆ. ತಪ್ಪಿರುವ ಪದಕ್ಕೆ ಗೆರೆ ಎಳೆಯಬೇಡಿ. ಆ ಸಾಲಿನ ಅಂಚಿನಲ್ಲಿ ಗುರುತು ಹಾಕಿ ಬಿಡಿ, ಪದ ಯಾವುದು ಅಂತ ಮಗುವೇ ಹುಡುಕಲಿ. ಮೊದಲ ಹತ್ತು ಸಾಲು ಮಾತ್ರ ನೋಡಿ. ಒಂದು ಪುಸ್ತಕಕ್ಕೆ ಒಂದು ನಿಮಿಷವೂ ಬೇಡ. ದಿನಕ್ಕೆ 15 ಪುಸ್ತಕ ತೆಗೆದುಕೊಂಡರೆ 45 ಮಕ್ಕಳ ಸೆಕ್ಷನ್ ಮೂರು ದಿನಕ್ಕೆ ಮುಗಿಯುತ್ತದೆ.

ಆಮೇಲಿನದೇ ಮುಖ್ಯ. ಪುಸ್ತಕ ವಾಪಸ್ ಕೊಟ್ಟ ದಿನ ಪೀರಿಯಡ್‌ನಲ್ಲಿ 10 ನಿಮಿಷ ತಿದ್ದಲಿಕ್ಕೇ ಬಿಡಬೇಕು. ಆ 10 ನಿಮಿಷ ಬಿಡದಿದ್ದರೆ ಕೆಂಪು ಶಾಯಿ ದಂಡ. ಮಕ್ಕಳು ಮನೆಯಲ್ಲಿ ತಿದ್ದಿಕೊಂಡು ಬರುವುದಿಲ್ಲ, ಬಂದರೂ ಪಕ್ಕದವರ ಪುಸ್ತಕ ನೋಡಿ ಬರೆದದ್ದು.

ಉತ್ತರಪತ್ರಿಕೆ ಆದರೆ ಮೊದಲ ದಿನ ಅಂಕ ಇಲ್ಲದೆ ಕೊಡಿ. ಅಂಕ ನಿಮ್ಮ ರಿಜಿಸ್ಟರಿನಲ್ಲಿರಲಿ, ಮಾರನೇ ದಿನ ಹೇಳಿ. ಇದರಲ್ಲಿ ಸಾಮಾನ್ಯವಾಗಿ ಕೆಡುವುದು ಏನೆಂದರೆ, ನೀವು ಸರಿ ಇದ್ದದ್ದಕ್ಕೆ ಟಿಕ್ ಹಾಕಿರುತ್ತೀರಿ, ಮಕ್ಕಳು ಐದೇ ನಿಮಿಷದಲ್ಲಿ ಟಿಕ್ ಎಣಿಸಿ ಅಂಕ ಲೆಕ್ಕ ಹಾಕಿಬಿಡುತ್ತಾರೆ. ಹಾಗಾಗಿ ಟಿಕ್ ಬೇಡ, ತಪ್ಪಿದ ಸಾಲಿನ ಪಕ್ಕ ಒಂದು ಚುಕ್ಕೆ ಸಾಕು.

ಲೆಕ್ಕದ_ಮೇಷ್ಟ್ರು

ಗಣಿತ, ವಿಜ್ಞಾನಕ್ಕೆ ಇನ್ನೂ ಹಗುರ ದಾರಿ ಇದೆ. ಪಾಠದ ಕೊನೆಯ ಐದು ನಿಮಿಷ, ಕಾಲು ಹಾಳೆಯ ಚೀಟಿ, ಎರಡೇ ಪ್ರಶ್ನೆ. ಸ್ಟಾಫ್ ರೂಮಿನಲ್ಲಿ ಕೂತು ಮೂರು ಗುಡ್ಡೆ ಮಾಡಿ: ಸರಿ ಇರುವವು, ಒಂದೇ ಬಗೆಯಲ್ಲಿ ತಪ್ಪಿದವು, ಏನೂ ಬರೆಯದವು. 45 ಚೀಟಿಗೆ ಹತ್ತು ನಿಮಿಷ. ಅಂಕ ಹಾಕಬೇಡಿ, ವಾಪಸ್ಸೂ ಕೊಡಬೇಡಿ. ನಡುವಿನ ಗುಡ್ಡೆಯಿಂದ ಒಂದು ತಪ್ಪು ಉತ್ತರ ಆರಿಸಿ, ಹೆಸರಿಲ್ಲದೆ ಮಾರನೇ ದಿನ ಬೋರ್ಡಿನ ಮೇಲೆ ಬರೆದು ‘ಇಲ್ಲಿ ಏನಾಗಿದೆ ಹೇಳಿ’ ಅಂತ ಕೇಳಿ. ಮೂರನೇ ಗುಡ್ಡೆಯವರನ್ನು ಮಾತ್ರ ಹತ್ತಿರ ಕರೆದು ಬಾಯಲ್ಲಿ ಕೇಳಿ. ಎಷ್ಟೋ ಸಲ ಅವರಿಗೆ ಲೆಕ್ಕ ಗೊತ್ತಿರುತ್ತೆ, ಪ್ರಶ್ನೆ ಓದಲಿಕ್ಕೆ ಬಂದಿರಲ್ಲ.

ವಾರಕ್ಕೆ ಎರಡು ಸಲ ಸಾಕು. ದಿನಾ ಮಾಡಿದರೆ ಮೂರನೇ ವಾರಕ್ಕೆ ಬಿಟ್ಟುಹೋಗುತ್ತೆ.

ಏಣಿ_ತಟ್ಟೆ

ಗ್ರೇಡ್ ಇಲ್ಲದೆ ಕಲಿಕೆ ಹೇಗೆ ಗೊತ್ತಾಗುತ್ತೆ ಅಂತ ಕೇಳುವವರು ನಲಿಕಲಿ ಕೊಠಡಿಗೆ ಒಮ್ಮೆ ಹೋಗಬೇಕು. ಇದು ಹೊರಗಿನಿಂದ ತಂದ ಹೊಸ ಫ್ಯಾಷನ್ ಏನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿ ನಮ್ಮ ಶಿಕ್ಷಕರೇ ಕಾರ್ಡು ಮಾಡಿಕೊಂಡದ್ದು. ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಬಂತು.

ಕೆಲಸ ಹೀಗೆ. ಪಾಠಗಳನ್ನು ಮೈಲಿಗಲ್ಲುಗಳಾಗಿ ಒಡೆದಿದ್ದಾರೆ. ಕಲಿಕಾ ಏಣಿಯ ಮೇಲೆ ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಒಂದು ಕಾರ್ಡು. ಮಗು ತನ್ನ ಮೆಟ್ಟಿಲು ಹುಡುಕಿ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ಎಷ್ಟು ನೆರವು ಬೇಕೋ ಅದಕ್ಕೆ ತಕ್ಕ ಗುಂಪಿನಲ್ಲಿ, ಹೋಗಿ ಕೂರುತ್ತೆ. ಒಂದನೇ ತಟ್ಟೆಗೆ ಪೂರ್ಣ ಶಿಕ್ಷಕರ ನೆರವು, ಆಮೇಲೆ ಸ್ವಲ್ಪ ನೆರವು, ಆಮೇಲೆ ಗೆಳೆಯರ ನೆರವು, ಕೊನೆಯದು ಸ್ವಕಲಿಕೆ. ಮೈಲಿಗಲ್ಲಿನ ಕೊನೆಗೆ ಮೌಲ್ಯಮಾಪನದ ಕಾರ್ಡು. ಬಂದರೆ ಮುಂದಿನ ಮೈಲಿಗಲ್ಲು, ಬರದಿದ್ದರೆ ಪೂರಕ ಅಭ್ಯಾಸ, ಮತ್ತೆ ಅದೇ ಮೆಟ್ಟಿಲು. ಯಾರೂ ಫೇಲಾಗಿಲ್ಲ, ಆದರೆ ಬಾರದ್ದನ್ನು ಬಂತು ಅಂತಲೂ ಹೇಳಿಲ್ಲ. ‘ನಿನ್ನ ಮಗು ಎಲ್ಲಿದೆ’ ಅಂದರೆ ಎಷ್ಟನೇ ಮೆಟ್ಟಿಲು ಅಂತ ಶಿಕ್ಷಕರು ತೋರಿಸಬಹುದು. ಬಿ ಪ್ಲಸ್ ಇಷ್ಟನ್ನು ಹೇಳಲ್ಲ.

ಕೆಡುವುದು ಎಲ್ಲಿ? ಒಂದೇ ಶಿಕ್ಷಕರಿಗೆ ಮೂರು ತರಗತಿ, 40ರ ಮೇಲೆ ಮಕ್ಕಳು ಆದಾಗ ಒಂದನೇ ತಟ್ಟೆಯೇ ತುಂಬಿಹೋಗುತ್ತೆ, ಸ್ವಕಲಿಕೆಯ ತಟ್ಟೆ ಆಟದ ತಟ್ಟೆ ಆಗುತ್ತೆ. ಕಾರ್ಡು ಕಳೆದುಹೋದರೆ ಮೆಟ್ಟಿಲೇ ಹಾರಿಹೋಯಿತು. ಇನ್ಸ್‌ಪೆಕ್ಷನ್ ಹತ್ತಿರ ಬಂದಾಗ ಪ್ರಗತಿ ನೋಟದಲ್ಲಿ ಗುರುತು ಮುಂದೆ ಓಡುತ್ತೆ, ಮಗು ಹಿಂದೆ ಉಳಿಯುತ್ತೆ. ಇನ್ನು ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಏಣಿ ಇಲ್ಲ, ಪಠ್ಯಪುಸ್ತಕ ಮತ್ತು ಗ್ರೇಡ್. ಮೂರನೇ ತರಗತಿ ಶಿಕ್ಷಕರು ಬಿಟ್ಟ ಮೆಟ್ಟಿಲಿನ ವಿವರ ನಾಲ್ಕನೇ ತರಗತಿ ಶಿಕ್ಷಕರ ಕೈಗೆ ಹೋಗುವ ವ್ಯವಸ್ಥೆ ಇದ್ದ ಶಾಲೆ ಮಾತ್ರ ಈ ದಾಟು ದಾಟುತ್ತೆ.

ರೋಲ್_ನಂಬರ್_37

ನಾನು ಹತ್ತನೇ ಕ್ಲಾಸ್. ನಮಗೆ ಮೆಟ್ಟಿಲು ಗಿಟ್ಟಿಲು ಏನಿಲ್ಲ ಸರ್, ಎಸ್‌ಎಸ್‌ಎಲ್‌ಸಿಯ 625 ಅಂಕ ಅಷ್ಟೆ. ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪ್ರಶ್ನೆಗಳು) ಓದಿದರೆ ಕಲಿತ ಹಾಗಾ ಅಲ್ವಾ?

ಬ್ಲೂಪ್ರಿಂಟ್

ತಮ್ಮಾ, ಲೆಕ್ಕ ಹಾಕಿ ನೋಡೋಣ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ. ಆ 20 ಬರೋದು ನಾಲ್ಕು ರೂಪಣಾತ್ಮಕದಿಂದ. ಒಂದೊಂದಕ್ಕೆ 50: ಎರಡು ಚಟುವಟಿಕೆ ತಲಾ 15, ಲಿಖಿತ ಕಿರುಪರೀಕ್ಷೆ 20. ನಾಲ್ಕೂ ಸೇರಿ 200, ಅದನ್ನು 20ಕ್ಕೆ ಇಳಿಸೋದು.

ಈಗ ಒಬ್ಬ ವಿದ್ಯಾರ್ಥಿಗೆ ಚಟುವಟಿಕೆಯಲ್ಲಿ 14, 14. ಕಿರುಪರೀಕ್ಷೆಯಲ್ಲಿ 20ಕ್ಕೆ 6. ಒಟ್ಟು 34, ಅಂದರೆ ಶೇ. 68. ಬರೆಯಲಿಕ್ಕೆ ಬಾರದ್ದು ಆ 68ರೊಳಗೆ ಮುಚ್ಚಿಹೋಯಿತು. ಚಟುವಟಿಕೆ ಅಂದರೆ ಚಾರ್ಟ್ ಅಂಗಡಿಯಲ್ಲಿ ಮಾಡಿಸಿದ ಮಾದರಿ ಆಗಿದ್ದರಂತೂ ಕೇಳೋದೇ ಬೇಡ.

ಗಣಿತ ಪತ್ರಿಕೆ ತಗೋ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ 80 ಅಂಕಕ್ಕೆ 38 ಪ್ರಶ್ನೆ: ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು 1. ಮೊದಲ ಮೂರು ಬಗೆ ಸೇರಿಸಿದರೆ 8 + 8 + 16 = 32. ಪಾಸಾಗಲು ಶೇ. 35ರ ನಿಯಮ ಇದ್ದಾಗ ಲಿಖಿತದಲ್ಲಿ ಬೇಕಿದ್ದದ್ದು 28. ಅಂದರೆ ಮೂರು ಹಂತ ದಾಟುವ ಒಂದೇ ಒಂದು ಲೆಕ್ಕ ಮಾಡದೆಯೂ ದಾಟಬಹುದು. ಪಾಸಿಂಗ್ ಪ್ಯಾಕೇಜ್ ಇನ್ನೂ ಜಾಣತನದ್ದು: ನಕ್ಷೆ ಎಳೆಯುವ ಲೆಕ್ಕ, ಥೇಲ್ಸ್ ಪ್ರಮೇಯ, ವಿಜ್ಞಾನದಲ್ಲಿ ಹೃದಯದ ಚಿತ್ರ, ಕಣ್ಣಿನ ಚಿತ್ರ. ಬಾಯಿಪಾಠ ಮಾಡಿ ಬರೆದರೂ ಅಂಕ ಬರುತ್ತೆ.

ಆದರೂ ಪ್ಯಾಕೇಜನ್ನು ಹೀಯಾಳಿಸಬೇಡಿ ಅಂತ ದೊಡ್ಡವರಿಗೂ ಹೇಳ್ತೀನಿ. ಜನವರಿಯಲ್ಲಿ 12 ಅಂಕಕ್ಕೆ ನಿಂತಿರೋ ಹುಡುಗಿಗೆ ಪಿಯುಸಿ, ಐಟಿಐ, ಡಿಪ್ಲೊಮಾ ಯಾವ ಬಾಗಿಲೂ ತೆರೆಯಬೇಕಾದರೆ ಪಾಸಾಗಬೇಕು. ಅದು ತೇರ್ಗಡೆಯ ತಂತ್ರ, ಕಲಿಕೆ ಅಂತ ಹೆಸರಿಡಬೇಡಿ ಅಷ್ಟೆ. ನೀನು ಜೂನ್‌ನಿಂದಲೇ ಅದನ್ನು ಓದುತ್ತಿದ್ದರೆ ನಷ್ಟ ನಿನಗೆ, ಯಾಕೆಂದರೆ ಡಿಪ್ಲೊಮಾದ ಮೊದಲ ಸೆಮಿಸ್ಟರಿನ ಗಣಿತ ಆ ಬಿಟ್ಟ ಮೂರು ಅಂಕದ ಲೆಕ್ಕಗಳ ಮೇಲೇ ನಿಂತಿರುತ್ತೆ.

ಒಂದು ಪರೀಕ್ಷೆಯ ಫಲಿತಾಂಶ ಎಷ್ಟರಮಟ್ಟಿಗೆ ಕಲಿಕೆಯ ಅಳತೆ ಅನ್ನೋದಕ್ಕೆ 2024ರ ಎಸ್‌ಎಸ್‌ಎಲ್‌ಸಿ ನೋಡಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗಿಬಿಟ್ಟರು ಅಂತ ಯಾರೂ ನಂಬಲ್ಲ.

ಮಲಪ್ರಭಾ_ದಂಡಿ

ಇದಕ್ಕ ನಾ ಅನ್ನೂದು, ಅಂಕಾ ಸುಳ್ಳಲ್ಲ, ಅಳಿಯೂ ಕೋಲು ಸಡಲ ಆಗಿತ್ತು. ಕೋಲು ಬಿಗಿ ಮಾಡೂದು ಬ್ಯಾರೆ, ಮುರದ ಒಗಿಯೂದು ಬ್ಯಾರೆ. 5, 8, 9ನೇತ್ತಾಕ್ಕ ಬೋರ್ಡ್ ಮಾದರಿ ಪರೀಕ್ಷೆ ತರಾಕ ಹೋಗಿ 2023, 2024ರಾಗ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಎಳದಾಡಿದ್ದು ನೋಡೇವಿ. ಪರೀಕ್ಷೆ ಆಗತೈತೋ ಇಲ್ಲೋ ಅಂತ ಮಕ್ಕಳು ಕೂತದ್ದಷ್ಟ. ಸಾಲ್ಯಾಗಿನ ಮಾಸ್ತರ ತಿದ್ದೂ ಪತ್ರಿಕಾದಾಗ ನಂಬಿಕಿ ಇದ್ದಿದ್ರ ಇದು ಬೇಕಿದ್ದಿಲ್ಲ.

ಅಕ್ಷರ_ಅಕ್ಕ

ತಿದ್ದುವ ಕೈ ನಂಬುವ ಮಾತು ಬಂತಲ್ಲ. 1912ರಲ್ಲೇ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿ ಮಾಡಿ ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿದರು. 64ರಿಂದ 98ರವರೆಗೆ ಅಂಕ ಬಂತು. ಪ್ರಬಂಧಕ್ಕೆ ಮಾತ್ರ ಹೀಗೆ ಅಂದುಕೊಂಡವರಿಗೆ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿ ತೋರಿಸಿದರು, ಅಲ್ಲೂ ಅಂತರ ಕಡಿಮೆ ಇರಲಿಲ್ಲ.

ಶಾಲೆ ಮಟ್ಟದಲ್ಲಿ ಇದಕ್ಕೆ ಮಾಡಬಹುದಾದ್ದು ಇಷ್ಟು. 5 ಅಂಕದ ಪತ್ರಲೇಖನ ಅಂದರೆ ತಿದ್ದುವ ಮೊದಲೇ ಹಂಚಿಕೆ ಬರೆದಿಡಿ: ಇಂದ, ಗೆ, ದಿನಾಂಕ, ವಿಷಯ, ಸಹಿ ಇರುವ ನಮೂನೆಗೆ 1, ಕೋರಿಕೆ ಏನು, ಯಾಕೆ ಅಂತ ಸ್ಪಷ್ಟವಾಗಿದ್ದರೆ 2, ವಿವರ, ಅಂದರೆ ಯಾವ ಊರು, ಯಾವಾಗಿನಿಂದ, ಎಷ್ಟು ಜನಕ್ಕೆ ತೊಂದರೆ, 1, ಭಾಷೆ 1. ಈ ಹಂಚಿಕೆಯನ್ನು ಬರೆಯುವ ಮೊದಲೇ ಮಕ್ಕಳಿಗೂ ಕೊಡಿ. ಒಂದು ಪ್ರಶ್ನೆಯನ್ನು ಎಲ್ಲರ ಪತ್ರಿಕೆಯಲ್ಲೂ ಮುಗಿಸಿ ಆಮೇಲೆ ಮುಂದಿನ ಪ್ರಶ್ನೆಗೆ ಹೋಗಿ. ಹೆಸರು ಇರುವ ಪುಟ ಮಡಿಸಿ. ಇಬ್ಬರು ಕನ್ನಡ ಶಿಕ್ಷಕರಿದ್ದರೆ ಐದು ಪತ್ರಿಕೆ ಅದಲುಬದಲು ಮಾಡಿ ತಿದ್ದಿ, 2 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಕೂತು ಮಾತಾಡಿ.

ಮಕ್ಕಳ ಕೈಗೆ ಹಂಚಿಕೆ ಕೊಟ್ಟರೆ ಇನ್ನೊಂದು ತೊಂದರೆ ಕಾಣಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಮೂನೆಗೆ 2 ಅಂಕ ಇಟ್ಟರೆ ಎಲ್ಲರೂ ನಮೂನೆಯನ್ನೇ ಕಲಿಯುತ್ತಾರೆ, ಪತ್ರದ ಹೊಟ್ಟೆ ಖಾಲಿ.

ಓದುಗ_ಮಿತ್ರ

ಸಿಬಿಎಸ್‌ಇ ಮಕ್ಕಳ ಪೋಷಕರಿಗೆ ಒಂದು ಟಿಪ್ಪಣಿ, ಇಲ್ಲಿ ತುಂಬ ಗೊಂದಲ ಇದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಕೊಡುವ ಎ1 ಅಂದರೆ 91ರಿಂದ 100. ಹತ್ತನೇ ತರಗತಿ ಬೋರ್ಡ್ ಕೊಡುವ ಎ1 ಹಾಗಲ್ಲ. ಆ ವಿಷಯದಲ್ಲಿ ಪಾಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊದಲ ಎಂಟನೇ ಒಂದು ಭಾಗಕ್ಕೆ ಎ1 ಕೊಡುತ್ತಾರೆ. ಒಂದು ನಿಗದಿತ ಅಂಕಕ್ಕೆ, ಇನ್ನೊಂದು ಉಳಿದವರ ಜತೆ ಹೋಲಿಕೆಗೆ. ಹಾಗಾಗಿ ‘ಕಳೆದ ವರ್ಷ ಎ1, ಈ ವರ್ಷ ಎ2, ಇಳಿದುಹೋದ’ ಅನ್ನುವ ಗೋಳಿಗೆ ಆಧಾರವೇ ಇಲ್ಲ.

ಸುಮಾ_ಹಾಸನ

ತುಂಬಾ ವಿವರ ಸಿಕ್ಕಿತು, ಥ್ಯಾಂಕ್ಸ್ ಎಲ್ಲರಿಗೂ. ಕೊನೆಗೆ ನನ್ನಂಥವರಿಗೆ ಬೇಕಾದ್ದು: ಉತ್ತರಪತ್ರಿಕೆ ಕೈಗೆ ಸಿಕ್ಕಿದರೆ ಮನೆಯಲ್ಲಿ ಅದನ್ನು ಏನು ಮಾಡಬೇಕು? ಪೋಷಕರ ಸಭೆಯಲ್ಲಿ ಐದೇ ನಿಮಿಷ ಸಿಗೋದು, ಏನು ಕೇಳಬೇಕು?

ಲೆಕ್ಕದ_ಮೇಷ್ಟ್ರು

ಮನೆಯಲ್ಲಿ: ಬಂದ ಅಂಕ ಬಿಡಿ, ಹೋದ ಅಂಕ ಎಣಿಸಿ. 40ಕ್ಕೆ 25 ಬಂದಿದ್ದರೆ ಹೋದದ್ದು 15. ಪ್ರತಿ ತಪ್ಪಿನ ಪಕ್ಕ ಪೆನ್ಸಿಲ್‌ನಲ್ಲಿ ಕಾರಣ ಬರೆಸಿ. ಬರೆಯಬೇಕಾದವರು ನೀವಲ್ಲ, ಮಗು. ಗೊತ್ತೇ ಇರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಹಂತ ಅಥವಾ ಏಕಮಾನ ಬಿಟ್ಟೆ, ಸಮಯ ಸಾಲಲಿಲ್ಲ. ಈ ನಾಲ್ಕರಲ್ಲಿ ಒಂದು. ಹೀಗೆ ಮಾಡಿದಾಗ ಉದಾಹರಣೆಗೆ 8 ಅಂಕ ಭಿನ್ನರಾಶಿಯಲ್ಲಿ, 3 ಅಂಕ ಸೆಂ.ಮೀ. ಬರೆಯದ್ದಕ್ಕೆ, 4 ಅಂಕ ಕೊನೆಯ ಪ್ರಶ್ನೆ ಮುಟ್ಟದ್ದಕ್ಕೆ ಅಂತ ಬಂತು ಅಂದುಕೊಳ್ಳಿ. ಆ ಬಿ ಪ್ಲಸ್‌ಗೆ ಈಗ ಕೆಲಸದ ಪಟ್ಟಿ ಸಿಕ್ಕಿತು.

ಆರನೇ ತರಗತಿ ಭಿನ್ನರಾಶಿಯಲ್ಲಿ ಬಹುಪಾಲು ಸಿಗುವ ತಪ್ಪು 1/2 + 1/3 = 2/5. ನಿಯಮ ಮತ್ತೆ ಹೇಳಿಕೊಡಲು ಹೋಗಬೇಡಿ. ‘2/5 ಅರ್ಧಕ್ಕಿಂತ ಜಾಸ್ತಿಯಾ ಕಡಿಮೆಯಾ?’ ಅಂತ ಕೇಳಿ. ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಬಂತಲ್ಲ ಅಂತ ಮಗುವಿಗೇ ಹೊಳೆಯಬೇಕು. ಆಮೇಲೆ ಉದ್ದನೆ ಕಾಗದದ ಪಟ್ಟಿ, ಆರು ಸಮಭಾಗಕ್ಕೆ ಮಡಿಸಿ. ಅರ್ಧ ಅಂದರೆ 3 ಮಡಿಕೆ, ಮೂರನೇ ಒಂದು ಅಂದರೆ 2 ಮಡಿಕೆ, ಬಣ್ಣ ಹಚ್ಚಿದರೆ 5/6. ಅದೇ ಬಗೆಯ ನಾಲ್ಕು ಲೆಕ್ಕ ಅವತ್ತು ಬೇಡ, ಒಂದು ವಾರ ಬಿಟ್ಟು ಕೊಡಿ. ಅವತ್ತೇ ಕೊಟ್ಟರೆ ಎಲ್ಲ ಸರಿ ಬರುತ್ತೆ, ಬಂತು ಅಂತ ಇಬ್ಬರೂ ಮೋಸ ಹೋಗ್ತೀರಿ.

ಸಭೆಯಲ್ಲಿ: ‘ಹೇಗೆ ಓದ್ತಾನೆ’ ಅಂತ ಕೇಳಿದರೆ ‘ಪರವಾಗಿಲ್ಲ, ಇನ್ನೂ ಗಮನ ಕೊಡಬೇಕು’ ಅನ್ನೋ ಉತ್ತರ ಬರುತ್ತೆ, ಐದು ನಿಮಿಷ ಮುಗಿಯುತ್ತೆ. ಉತ್ತರಪತ್ರಿಕೆ ತೆಗೆಸಿ ಕೈಯಲ್ಲಿಟ್ಟುಕೊಂಡು ಕೇಳಿ: ಈ ಪತ್ರಿಕೆಯಲ್ಲಿ ಯಾವ ಕಲಿಕಾ ಫಲ ಬಂದಿಲ್ಲ? ಅದು ಇವನೊಬ್ಬನಿಗಾ, ತರಗತಿಗೆಲ್ಲ ಬಂದಿಲ್ಲವಾ? ತರಗತಿಗೇ ಬಂದಿಲ್ಲ ಅಂದರೆ ಶಾಲೆ ಮತ್ತೆ ಪಾಠ ಮಾಡುತ್ತಾ? ಮೂರನೆಯದನ್ನು ಮೆತ್ತಗೆ ಕೇಳಿ.

ಪಡುವಣ_ಕಡಲು

ಮೆತ್ತಗೆ ಕೇಳಿದರೂ ನಮಗೆ ಬಿಸಿ ಮುಟ್ಟುತ್ತದೆ 😄 ಆದರೆ ಪತ್ರಿಕೆ ಹಿಡಿದು ಕೇಳುವ ಪೋಷಕರು ಬಂದರೆ ಖುಷಿಯೇ. ಗುರುತಿನ ಅಕ್ಷರ ನಾಲ್ಕು ಈ ವಾರದಿಂದ ಎಂಟನೇ ತರಗತಿಗೆ ಹಾಕಿ ನೋಡುವ. ‘ಚಿ’ ಮೊದಲು ಬೇಡ ಅಂತ ಕಾಣುತ್ತದೆ, ಒತ್ತಕ್ಷರದ್ದೇ ರಾಶಿ ಉಂಟು.

ರೋಲ್_ನಂಬರ್_37

@ಬ್ಲೂಪ್ರಿಂಟ್ ಸರ್, ಪರೀಕ್ಷೆ 1ರಲ್ಲಿ ಕಡಿಮೆ ಬಂದರೆ ಪರೀಕ್ಷೆ 2 ಇದೆಯಲ್ಲ. ನಡುವೆ ಏನು ಓದಬೇಕು, ಪೂರ್ತಿ ಪುಸ್ತಕನಾ?

ಬ್ಲೂಪ್ರಿಂಟ್

ಪೂರ್ತಿ ಪುಸ್ತಕಕ್ಕೆ ಸಮಯ ಇರಲ್ಲ, ಕೆಲವೇ ವಾರ ಸಿಗೋದು. ಬರೆದ ಪರೀಕ್ಷೆಗಳಲ್ಲಿ ಜಾಸ್ತಿ ಬಂದ ಅಂಕವೇ ಉಳಿಯುತ್ತೆ, ಹಾಗಾಗಿ ಹೆದರಿಕೆ ಬೇಡ. ಫಲಿತಾಂಶ ಬಂದ ಕೂಡಲೇ ಕಡಿಮೆ ಬಂದ ವಿಷಯದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕು, ಶುಲ್ಕ ಕಟ್ಟಬೇಕು, ಕೊನೇ ದಿನಾಂಕ ಬೇಗ ಬರುತ್ತೆ. ಮಂಡಳಿ ಜಾಲತಾಣದಲ್ಲಿ ಅದೇ ಪತ್ರಿಕೆಯ ಮಾದರಿ ಉತ್ತರ ಇರುತ್ತೆ, ಹಂತಕ್ಕೆ ಎಷ್ಟು ಅಂಕ ಅಂತಲೂ ಇರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಹಂತದಲ್ಲಿ ಅಂಕ ಹೋಯ್ತು ಅಂತ ಗುರುತು ಮಾಡು. ಮೊದಲು ಎರಡು ಮತ್ತು ಮೂರು ಅಂಕದವು. ಸೂತ್ರ ಬರೆದು ಆದೇಶಿಸದೆ ಬಿಟ್ಟದ್ದು, ಚಿತ್ರಕ್ಕೆ ಭಾಗ ಗುರುತಿಸದ್ದು, ಇವು ಒಂದೇ ವಾರದಲ್ಲಿ ಸರಿಹೋಗುತ್ತವೆ. ಪರೀಕ್ಷೆ 2ರ ನೋಂದಣಿ ಶಾಲೆಯ ಮೂಲಕವೇ ಆಗಬೇಕು, ಸ್ಕ್ಯಾನ್ ಪ್ರತಿ ಬರಲಿ ಅಂತ ಅದಕ್ಕೆ ಕಾಯಬೇಡ.